ಹೊತ್ತು, ಘಳಿಗೆ ಮತ್ತು ಇಂಗ್ಲಿಷ್ ಪಾಠ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರು ನಿಂತಿರುವ ಐದನೆಯ ಶತಮಾನದ ಶಾಸನ ಕಂಬದಲ್ಲಿ ‘ಘಟಿಕಾ’ ಎಂಬ ಪುಟ್ಟ ಪದವೊಂದಿದೆ. ಕದಂಬ ವಂಶದ ಮೂಲಪುರುಷ ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋಗಿ ಅಲ್ಲಿನ ಘಟಿಕೆಯನ್ನು ಸೇರಿದನೆಂದು ಕವಿ ಕುಬ್ಜ ರಚಿಸಿದ ಈ ಸಂಸ್ಕೃತ ಶಾಸನ ಹೇಳುತ್ತದೆ. ಅಲ್ಲಿ ಘಟಿಕೆ ಎಂದರೆ ಉನ್ನತ ವಿದ್ಯಾಕೇಂದ್ರ. ಇಂದಿಗೂ ವಿಶ್ವವಿದ್ಯಾಲಯಗಳು ಪದವಿ ಪ್ರದಾನ ಸಮಾರಂಭವನ್ನು ಘಟಿಕೋತ್ಸವ ಎಂದೇ ಕರೆಯುತ್ತವೆ.

ಇದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಒಂದು ಹಗಲು ಮತ್ತು ಒಂದು ರಾತ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು ಒಂದು ಘಟಿಕೆ, ಅಂದರೆ 24 ನಿಮಿಷ. ಜನರ ಬಾಯಲ್ಲಿ ಅದು ಘಳಿಗೆಯಾಯಿತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವಷ್ಟು ಕಾಲವನ್ನು ಒಂದು ಘಳಿಗೆ ಎಂದು ಎಣಿಸುವುದು ಹಳೆಯ ಪದ್ಧತಿ. ಮದುವೆಯ ಮುಹೂರ್ತಕ್ಕೆ ಘಳಿಗೆ ಬಟ್ಟಲು ಇಡುತ್ತಿದ್ದುದನ್ನು ಹಿರಿಯರು ಬಲ್ಲರು.

ಹೀಗೆ ಓದನ್ನೂ ಹೊತ್ತನ್ನೂ ಒಂದೇ ಪದದಲ್ಲಿ ಕಂಡ ನಾಡಿದು. ಇಲ್ಲಿನ ಮಕ್ಕಳು ಈಗ ಇಂಗ್ಲಿಷಿನಲ್ಲಿ ಡಾನ್, ನೂನ್, ಡಸ್ಕ್, ಟ್ವೈಲೈಟ್ ಎಂಬ ಪದಗಳನ್ನು ಕಲಿಯಬೇಕಾಗಿದೆ. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗುವಿಗೆ ಈ ಪದಗಳು ಬರೀ ಬಾಯಿಪಾಠವಾಗುತ್ತವೆ. ಇದಕ್ಕೆ ಕಾಗುಣಿತದ ತೊಡಕೊಂದೇ ಕಾರಣವಲ್ಲ. ಆ ಪದಗಳು ಹುಟ್ಟಿದ ಆಕಾಶವೇ ಬೇರೆ.

ಬೇರೆ ಆಕಾಶದ ಮಾತು

ಶಿಕಾರಿಪುರ ಮತ್ತು ಸೊರಬ ಎರಡೂ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿವೆ. ಇಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು 13 ಗಂಟೆಗೆ ತುಸು ಕಡಿಮೆ, ಡಿಸೆಂಬರಿನ ಅತಿ ಚಿಕ್ಕ ಹಗಲು 11 ಗಂಟೆಗೆ ತುಸು ಹೆಚ್ಚು. ವರ್ಷವಿಡೀ ಏರಿಳಿದರೂ ವ್ಯತ್ಯಾಸ ಎರಡು ಗಂಟೆಯೊಳಗೇ. ಲಂಡನ್ನಿನಲ್ಲಾದರೋ ಬೇಸಿಗೆಯ ಹಗಲು ಹದಿನಾರೂವರೆ ಗಂಟೆ, ಚಳಿಗಾಲದ ಹಗಲು ಎಂಟು ಗಂಟೆಗೂ ಕಡಿಮೆ.

ಸಂಜೆಯ ಬೆಳಕಿನದೂ ಇದೇ ಕಥೆ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಹೊತ್ತು ಮುಳುಗಿದ ಇಪ್ಪತ್ತು-ಇಪ್ಪತ್ತೈದು ನಿಮಿಷದಲ್ಲಿ ದೀಪವಿಲ್ಲದೆ ಅಕ್ಷರ ಕಾಣದು. ಇಂಗ್ಲೆಂಡಿನಲ್ಲಿ ಸೂರ್ಯ ಓರೆಯಾಗಿ ಜಾರುವುದರಿಂದ ಮಬ್ಬು ಬೆಳಕು ಬಹು ಹೊತ್ತು ಉಳಿಯುತ್ತದೆ. ಜೂನ್ ತಿಂಗಳ ನಡುರಾತ್ರಿಯಲ್ಲೂ ಅಲ್ಲಿ ಪೂರ್ಣ ಕತ್ತಲಾಗುವುದಿಲ್ಲ. ಆದ್ದರಿಂದ ‘ಟ್ವೈಲೈಟ್’ ಪದಕ್ಕೆ ‘ಮುಸ್ಸಂಜೆ’ ಎಂದು ಅರ್ಥ ಬರೆದರೆ ತಪ್ಪಲ್ಲ, ಆದರೆ ಎರಡರ ಅಳತೆ ಒಂದೇ ಅಲ್ಲ. ಟ್ವೈಲೈಟ್ ಸೂರ್ಯೋದಯಕ್ಕೆ ಮುಂಚಿನ ಮಬ್ಬಿಗೂ ಸಲ್ಲುತ್ತದೆ. ಅದಕ್ಕೆ ನಮ್ಮಲ್ಲಿ ನಸುಕು, ಮುಂಬೆಳಗು ಎಂಬ ಬೇರೆ ಪದಗಳೇ ಇವೆ.

ಋತುಗಳ ಪಾಠವೂ ಹೀಗೆಯೇ. ಸ್ಪ್ರಿಂಗ್ ಬಂದಾಗ ಹಕ್ಕಿಗಳು ಗೂಡು ಕಟ್ಟುತ್ತವೆ ಎಂಬುದು ಇಂಗ್ಲೆಂಡಿನ ಸತ್ಯ. ಅಲ್ಲಿನ ಹಕ್ಕಿಗಳಿಗೆ ಹಿಗ್ಗುತ್ತಿರುವ ಹಗಲೇ ಸೂಚನೆ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಗೂಡಿಗೆ ಕೂಡುವುದು ಮಳೆ ಹಿಡಿದು ಕೆರೆ ತುಂಬಿದ ಮೇಲೆ. ಅವುಗಳ ವರ್ಷದ ಲೆಕ್ಕ ನಡೆಯುವುದು ನೀರಿನ ಮೇಲೆ.

ಶಾಸನದಿಂದ ಇಂಗ್ಲಿಷಿಗೆ

ಈ ಎರಡು ಆಕಾಶಗಳ ನಡುವೆ ಮೊದಲು ಸೇತುವೆ ಕಟ್ಟಿದವರು ಎದುರು ದಿಕ್ಕಿನಿಂದ ಬಂದವರು. ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲೂ, ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲೂ ಹೊರಬಂದವು. ಆದರೆ ಶಿಕಾರಿಪುರ, ಸೊರಬಗಳಿಗೆ ಹೆಚ್ಚು ಹತ್ತಿರದವರು ಬಿ.ಎಲ್. ರೈಸ್. ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದುಡಿದು, ಮುಂದೆ ಪುರಾತತ್ವ ಶೋಧನೆಯ ಹೊಣೆ ಹೊತ್ತರು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯಲ್ಲಿ ಶಿಕಾರಿಪುರದ ಶಾಸನಗಳಿರುವ ಏಳನೆಯ ಸಂಪುಟ 1902ರಲ್ಲಿ, ಸೊರಬದ ಶಾಸನಗಳಿರುವ ಎಂಟನೆಯ ಸಂಪುಟ 1904ರಲ್ಲಿ ಪ್ರಕಟವಾದವು. ಮೂಲಪಾಠದ ಜತೆಗೆ ಇಂಗ್ಲಿಷ್ ಅನುವಾದವೂ ಅವುಗಳಲ್ಲಿದೆ.

ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವೂ ಈ ಸಂಪುಟದಲ್ಲಿದೆ. ವೇದ, ದರ್ಶನಗಳ ಜತೆಗೆ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ಪಾಠ ಅಲ್ಲಿ ನಡೆಯುತ್ತಿತ್ತೆಂದೂ, ರೋಗಿಗಳಿಗೆ ಔಷಧ ಸಿಗುತ್ತಿತ್ತೆಂದೂ ಅದು ವರ್ಣಿಸುತ್ತದೆ. ಪದಗಳ ಕಲಿಕೆಗೆ ಈ ಸೀಮೆ ಹೊಸದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಭಾಗದ ದಾನಶಾಸನಗಳಲ್ಲಿ ಗ್ರಹಣ, ಸಂಕ್ರಮಣದಂತಹ ಪುಣ್ಯಕಾಲಗಳ ಉಲ್ಲೇಖ ಸಾಮಾನ್ಯ. ಇಂತಹ ಪದಗಳಿಗೆ ಇಂಗ್ಲಿಷ್ ಸಾಟಿ ಹುಡುಕುವುದು ಸುಲಭವಲ್ಲ. ಉತ್ತರಾಯಣ ಸಂಕ್ರಾಂತಿಯನ್ನು ‘ವಿಂಟರ್ ಸಾಲ್‌ಸ್ಟಿಸ್’ ಎಂದುಬಿಟ್ಟರೆ ಲೆಕ್ಕ ತಪ್ಪುತ್ತದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರಂದು. ನಾವು ಸಂಕ್ರಾಂತಿ ಆಚರಿಸುವುದು ಜನವರಿ 14-15ರಂದು. ಭೂಮಿಯ ಅಕ್ಷ ಬುಗುರಿಯಂತೆ ಬಹು ನಿಧಾನವಾಗಿ ವಾಲುವುದರಿಂದ ಈ ಅಂತರ ಬೆಳೆಯುತ್ತಾ ಬಂದಿದೆ. ಕೋಡಿಯಮಠದ ಶಾಸನ ಹುಟ್ಟಿದ ಕಾಲದಲ್ಲಿ ಅದು ಸುಮಾರು ಹತ್ತು ದಿನ. ಈಗ ಮೂರು ವಾರ ದಾಟಿದೆ.

ಪದದೊಳಗಿನ ಸೂರ್ಯ, ಚಂದ್ರ

ಹಾಗೆಂದು ಎರಡು ಭಾಷೆಗಳು ಪೂರಾ ಅಪರಿಚಿತವೂ ಅಲ್ಲ. ಕನ್ನಡದಲ್ಲಿ ‘ತಿಂಗಳು’ ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ಇಂಗ್ಲಿಷಿನ ‘ಮಂತ್’ ಕೂಡ ‘ಮೂನ್’ ಪದದ ನಂಟಿನದೇ. ಬೆಳದಿಂಗಳು ಗೊತ್ತಿರುವ ಮಗುವಿಗೆ ಈ ನಂಟನ್ನು ಒಮ್ಮೆ ಹೇಳಿದರೆ ಸಾಕು, ಎರಡೂ ಪದಗಳು ಮರೆಯುವುದಿಲ್ಲ. ‘ಫೋರ್ಟ್‌ನೈಟ್’ ಎಂದರೆ ಹದಿನಾಲ್ಕು ರಾತ್ರಿ. ನಮ್ಮ ಪಕ್ಷಕ್ಕೆ ಹದಿನೈದು ತಿಥಿ. ಅವರು ರಾತ್ರಿ ಎಣಿಸಿದರು, ನಾವು ತಿಥಿ ಎಣಿಸಿದೆವು.

ಕನ್ನಡದ ‘ಹೊತ್ತು’ ಎಂಬುದು ಸೂರ್ಯನಿಗೂ ಸಮಯಕ್ಕೂ ಸಲ್ಲುವ ಪದ. ಹೊತ್ತು ಮೂಡುತ್ತದೆ, ಹೊತ್ತು ಮುಳುಗುತ್ತದೆ, ಹೊತ್ತಾಯಿತೆಂದು ಮನೆಗೆ ಹೊರಡುತ್ತೇವೆ. ಸೂರ್ಯ ಮೂಡುವ ದಿಕ್ಕು ಮೂಡಣ, ಪಡುವ ದಿಕ್ಕು ಪಡುವಣ. ಇಂಗ್ಲಿಷಿನ ‘ನೂನ್’ ಪದದ ಕಥೆ ಇನ್ನೂ ವಿಚಿತ್ರ. ಸೂರ್ಯೋದಯದಿಂದ ಎಣಿಸಿದ ಒಂಬತ್ತನೆಯ ತಾಸು ಎಂಬ ಲ್ಯಾಟಿನ್ ಪದ ಅದರ ಮೂಲ. ಅಂದರೆ ಮೊದಲಿಗೆ ಅದು ಮಧ್ಯಾಹ್ನ ಸುಮಾರು ಮೂರು ಗಂಟೆ. ಕಾಲಕ್ರಮದಲ್ಲಿ ಹಿಂದೆ ಸರಿದು ಹನ್ನೆರಡಕ್ಕೆ ನಿಂತಿತು.

ಈಗಲಾದರೂ ಹನ್ನೆರಡು ಗಂಟೆಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆಯೇ? ಭಾರತದ ಪ್ರಮಾಣ ಕಾಲ 1906ರಲ್ಲಿ ಜಾರಿಗೆ ಬಂದಿತು. ಅದಕ್ಕೆ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಸೊರಬ ಇರುವುದು ಸುಮಾರು 75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ, ಸೊರಬದ ಗಡಿಯಾರ ಹನ್ನೆರಡು ಹೊಡೆದ ಮೇಲೂ ಸೂರ್ಯ ನಡುನೆತ್ತಿಗೆ ಬರಲು ಸರಾಸರಿ ಅರ್ಧ ಗಂಟೆ ಬೇಕು. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು, ನೆರಳು ಅತಿ ಚಿಕ್ಕದಾಗುವ ಗಳಿಗೆಯನ್ನು ನೋಡಿದರೆ ನೂನ್ ಎಂಬ ಪದ ಕಣ್ಣಿಗೇ ಕಾಣುತ್ತದೆ.

ಭೂಮಿ ಹುಣ್ಣಿಮೆಯ ಲೆಕ್ಕ

ಜೀವಶಾಸ್ತ್ರದ ಪದಗಳು ಇನ್ನೂ ಕಠಿಣವಾಗಿ ಕಾಣುತ್ತವೆ. ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಅವರೆ ಮುಂತಾದ ಗಿಡಗಳ ಪ್ರಯೋಗ ಪ್ರಕಟಿಸಿ, ಹಗಲಿನ ಉದ್ದಕ್ಕೆ ಗಿಡ ಸ್ಪಂದಿಸುವ ಗುಣಕ್ಕೆ ‘ಫೋಟೋಪೀರಿಯಾಡಿಸಂ’ ಎಂದು ಹೆಸರಿಟ್ಟರು. ಭತ್ತದ ಅನೇಕ ಹಳೆಯ ದೀರ್ಘಾವಧಿ ತಳಿಗಳದೂ ಇದೇ ಗುಣ. ಬಿತ್ತನೆ ಕೆಲವು ದಿನ ಹಿಂದೆ ಮುಂದೆ ಆದರೂ, ಹಗಲು ಕುಗ್ಗಿದಾಗಲೇ ಅವಕ್ಕೆ ಹೊಡೆ ಬರುತ್ತದೆ. 1966ರಲ್ಲಿ ಬಂದ ಐಆರ್-8ರಂತಹ ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ.

ಸೊರಬ, ಸಾಗರ ಭಾಗದ ರೈತರಿಗೆ ಇದು ಪ್ರಯೋಗಶಾಲೆಯ ಸಂಗತಿಯಲ್ಲ. ಹಗಲು ರಾತ್ರಿಗಿಂತ ಚಿಕ್ಕದಾಗತೊಡಗುವ ದಿನಗಳಲ್ಲಿ, ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ, ಭೂಮಿ ಹುಣ್ಣಿಮೆ ಬರುತ್ತದೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು ನಸುಕಿನಲ್ಲೇ ಗದ್ದೆಗೆ ಹೋಗಿ, ಹೊಡೆ ತುಂಬಿದ ಪೈರನ್ನು ಬಸುರಿ ಎಂದು ಭಾವಿಸಿ ಬಯಕೆ ಊಟ ಬಡಿಸುತ್ತಾರೆ. ಫೋಟೋಪೀರಿಯಾಡಿಸಂ ಎಂಬ ಉದ್ದ ಪದವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

‘ಸರ್ಕೇಡಿಯನ್’ ಎಂಬ ಪದವೂ ಹಾಗೆಯೇ. ಫ್ರಾನ್ಸಿನ ಡಿ ಮೈರಾನ್ 1729ರಲ್ಲಿ ಮುಟ್ಟಿದರೆ ಮುನಿಯಂತಹ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬೆಳಕಿಲ್ಲದಿದ್ದರೂ ಅದರ ಎಲೆಗಳು ಹಗಲಿನ ವೇಳೆಗೆ ಬಿಚ್ಚಿ ರಾತ್ರಿಯ ವೇಳೆಗೆ ಮುಚ್ಚುತ್ತಿದ್ದವು. ಜೀವಿಯೊಳಗೇ ಒಂದು ಗಡಿಯಾರವಿದೆ ಎಂಬುದಕ್ಕೆ ಅದು ಮೊದಲ ಸುಳಿವು. ‘ಸುಮಾರು ಒಂದು ದಿನ’ ಎಂಬರ್ಥದ ಲ್ಯಾಟಿನ್ ಪದಗಳಿಂದ ಫ್ರಾಂಜ್ ಹಾಲ್‌ಬರ್ಗ್ 1959ರಲ್ಲಿ ಸರ್ಕೇಡಿಯನ್ ಪದವನ್ನು ಟಂಕಿಸಿದರು. ಆ ಗಡಿಯಾರದ ಒಳಗುಟ್ಟನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಡಿ ಮೈರಾನ್ ನೋಡಿದಂತಹ ಗಿಡಕ್ಕೆ ಮಲೆನಾಡಿನ ರಸ್ತೆಯಂಚಿನಲ್ಲಿ ಕೊರತೆಯಿಲ್ಲ.

ಚಿಂತಿಸಬೇಕಾದ ವಿಷಯ ಬೇರೆ. ನಸುಕು, ಬೈಗು, ಜಾವ, ಮೂಡಣ ಎಂಬ ಪದಗಳು ಮಕ್ಕಳ ಬಾಯಿಂದ ಜಾರಿದರೆ, ಡಾನ್, ಡಸ್ಕ್‌ಗಳನ್ನು ಕಟ್ಟಿಹಾಕಲು ಗೂಟವೇ ಇಲ್ಲದಂತಾಗುತ್ತದೆ. ಆಗ ಮಗು ಎರಡೂ ಭಾಷೆಯಲ್ಲಿ ಬಡವಾಗುತ್ತದೆ. ರೈಸ್ ಇಲ್ಲಿನ ಕಲ್ಲುಗಳನ್ನು ಓದಿ ಕನ್ನಡದಿಂದ ಇಂಗ್ಲಿಷಿಗೆ ದಾಟಿದರು. ಇಲ್ಲಿನ ಮಕ್ಕಳಿಗೂ ಅದೇ ದಾರಿ ಹತ್ತಿರದ್ದು. ಮೊದಲು ಗದ್ದೆಯ ಮೇಲಿನ ಬೆಳಕಿಗೆ ತಮ್ಮ ಮಾತಿನಲ್ಲಿ ಹೆಸರು ಗೊತ್ತಿರಬೇಕು, ಇನ್ನೊಂದು ಹೆಸರು ಆಮೇಲೆ ತಾನಾಗಿ ನಿಲ್ಲುತ್ತದೆ.