ಮಸಿಯಲ್ಲಿ ಮೂಡಿದ ನಿತ್ಯಹಸುರು

ಎಲೆಯುದುರಿಸುವ ಮರವನ್ನು ಬರೆಯುವ ಚಿತ್ರಕಾರನಿಗೆ ಋತುಗಳ ನೆರವುಂಟು. ವಸಂತದ ತಳಿರು, ಶರತ್ತಿನ ಕೆಂಪು, ಶಿಶಿರದ ಬರಿಗೊಂಬೆ, ಇವುಗಳಲ್ಲಿ ಯಾವುದೊಂದನ್ನು ಹಿಡಿದರೂ ಕಾಲವು ತಾನಾಗಿ ಚಿತ್ರದೊಳಗೆ ಬಂದು ನಿಲ್ಲುವುದು. ನಿತ್ಯಹರಿದ್ವರ್ಣದ ಮರಕ್ಕೆ ಆ ಅನುಕೂಲವಿಲ್ಲ. ವರ್ಷವೆಲ್ಲ ಒಂದೇ ಬಣ್ಣದಿಂದ ನಿಂತಿರುವುದು ಅದರ ಸ್ವಭಾವ. ಆದುದರಿಂದಲೇ ಚೀನ ಮತ್ತು ಜಪಾನ್ ದೇಶಗಳವರು ಪೈನ್ ಮರವನ್ನು ದೀರ್ಘಾಯುಸ್ಸಿಗೂ ಕಷ್ಟದಲ್ಲಿ ಕುಂದದ ಶೀಲಕ್ಕೂ ಕುರುಹೆಂದು ಭಾವಿಸಿದರು. ಸಂಸ್ಕೃತ ಕವಿಗಳು ‘ಸರಲ’ವೆಂದು ಕರೆದ ಹಿಮಾಲಯದ ಮರವೂ ಇದೇ ಕುಲದ್ದು. ಇಂತಹ ಮರವನ್ನು ಹಸುರಿನ ಲೇಶವೂ ಇಲ್ಲದೆ, ಬರಿಯ ಮಸಿ ಮತ್ತು ನೀರುಗಳಿಂದ ಬರೆದು ಕೀರ್ತಿಶಾಲಿಯಾದವನು ಜಪಾನಿನ ಹಸೆಗಾವಾ ತೋಹಾಕು.

ತೋಹಾಕು 1539ರಲ್ಲಿ ನೋತೊ ಪ್ರಾಂತದ ನನಾವೊ ಎಂಬ ಊರಿನಲ್ಲಿ ಹುಟ್ಟಿದನು. ಬಟ್ಟೆಗೆ ಬಣ್ಣ ಹಾಕುವ ಕಸುಬಿನ ಹಸೆಗಾವಾ ಮನೆತನವು ಅವನನ್ನು ದತ್ತು ತೆಗೆದುಕೊಂಡಿತು. ಮೊದಲು ಬೌದ್ಧ ಮಂದಿರಗಳಿಗೆ ಚಿತ್ರ ಬರೆದುಕೊಂಡಿದ್ದು, 1571ರ ಸುಮಾರಿಗೆ ಸಂಸಾರಸಮೇತನಾಗಿ ರಾಜಧಾನಿಯಾದ ಕ್ಯೋಟೋ ನಗರಕ್ಕೆ ಬಂದನು. ಅಲ್ಲಿ ಕಾನೊ ಮನೆತನದ ಚಿತ್ರಕಾರರದೇ ಪ್ರಾಬಲ್ಯ. ಅವರ ಮುಖ್ಯನಾದ ಏಯಿತೊಕು ಚಿನ್ನದ ರೇಕು ಹೊದಿಸಿದ ನೆಲದ ಮೇಲೆ ದಪ್ಪ ಬಣ್ಣಗಳಿಂದ ಮಹಾವೃಕ್ಷಗಳನ್ನು ಬರೆದು ಪ್ರಭುಗಳ ಕೋಟೆಗಳನ್ನು ಅಲಂಕರಿಸಿದ್ದನು. ಪರಸ್ಥಳದಿಂದ ಬಂದ ತೋಹಾಕುವಿಗೆ ಅರಮನೆಯ ಕೆಲಸ ದೊರೆಯದಂತೆ 1590ರಲ್ಲಿ ಆ ಮನೆತನವು ಅಡ್ಡಬಂದಿತು. ಅದೇ ವರ್ಷ ಏಯಿತೊಕು ತೀರಿಕೊಂಡನು.

ಆಗ ಜಪಾನಿನ ಅಧಿಕಾರವೆಲ್ಲ ತೊಯೊತೊಮಿ ಹಿದೆಯೋಶಿಯ ಕೈಯಲ್ಲಿದ್ದಿತು. ಐವತ್ತು ದಾಟಿದ ಮೇಲೆ ಹುಟ್ಟಿದ ಅವನ ಮಗನ ಹೆಸರು ತ್ಸುರುಮತ್ಸು. ‘ತ್ಸುರು’ ಎಂದರೆ ಕ್ರೌಂಚಪಕ್ಷಿ, ‘ಮತ್ಸು’ ಎಂದರೆ ಪೈನ್ ಮರ. ಎರಡೂ ಚಿರಾಯುಸ್ಸಿನ ಚಿಹ್ನೆಗಳು. ಹೆಸರಿನಲ್ಲಿದ್ದ ಹರಕೆ ಫಲಿಸಲಿಲ್ಲ. 1591ರಲ್ಲಿ, ಮೂರನೆಯ ವರ್ಷದಲ್ಲಿಯೇ ಕೂಸು ತೀರಿಕೊಂಡಿತು. ಅದರ ನೆನಪಿಗಾಗಿ ಕಟ್ಟಿಸಿದ ಮಂದಿರದ ಚಿತ್ರಗಳ ಭಾರವು ತೋಹಾಕುವಿನ ಮಂಡಲಿಗೆ ಬಂದಿತು. ತಂದೆ ಮೇಪಲ್ ಮರವನ್ನು ಬರೆದನು. ಚೆರಿ ಮರವನ್ನು ಬರೆದವನು ಅವನ ಮಗ ಕ್ಯೂಜೊ ಎಂಬುದು ಪರಂಪರೆಯಿಂದ ಬಂದ ಮಾತು. ಅಲ್ಲಿ ಪೈನ್ ಮರವೂ ಚಿನ್ನದ ನೆಲದ ಮೇಲೆ ದಟ್ಟವಾದ ಹಸುರಿನಿಂದ ಮೂಡಿತು. 1593ರಲ್ಲಿ ಕ್ಯೂಜೊ ಇಪ್ಪತ್ತಾರನೆಯ ವಯಸ್ಸಿನಲ್ಲಿ ಮಡಿದನು. ದೊರೆಯ ಪುತ್ರಶೋಕಕ್ಕಾಗಿ ಕುಂಚ ಹಿಡಿದವನಿಗೆ ತನ್ನ ಪುತ್ರಶೋಕವೇ ಎದುರಾಯಿತು.

ತೋಹಾಕುವಿನ ‘ಪೈನ್ ವೃಕ್ಷಗಳು’ ಚಿತ್ರವಿರುವುದು ಎರಡು ತೆರೆಗಳ ಮೇಲೆ. ಕೋಣೆಯಲ್ಲಿ ಮರೆಗಾಗಿ ನಿಲ್ಲಿಸುವ, ಆರಾರು ಮಡಿಕೆಗಳುಳ್ಳ ಕಾಗದದ ತೆರೆಗಳವು. ಒಂದೊಂದರ ಎತ್ತರ ಸುಮಾರು 157 ಸೆಂಟಿಮೀಟರು, ಅಗಲ 356 ಸೆಂಟಿಮೀಟರು. ಅವುಗಳಲ್ಲಿರುವುದು ಮಂಜಿನ ನಡುವೆ ನಿಂತ ಕೆಲವು ಮರಗಳು, ದೂರದಲ್ಲಿ ಹಿಮಗಿರಿಯೊಂದರ ಮಸುಕು, ಇಷ್ಟೇ. ಮನುಷ್ಯನಿಲ್ಲ, ಮನೆಯಿಲ್ಲ, ಹಾದಿಯಿಲ್ಲ.

ಇದರ ಸಾಧನವು ಅತಿ ಸರಳ. ಹೊಗೆಯ ಕಾಡಿಗೆಯನ್ನು ಪ್ರಾಣಿಗಳ ತೊಗಲಿನ ಅಂಟಿನೊಡನೆ ಕಲಸಿ ಒಣಗಿಸಿದ ಕಡ್ಡಿಯೇ ಮಸಿ. ಅದನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ಪೈನ್ ಮರವನ್ನೇ ಉರಿಸಿ ಹಿಡಿದ ಕಾಡಿಗೆಯಿಂದ ಮಾಡುವ ಮಸಿಯೂ ಆ ದೇಶಗಳಲ್ಲಿ ಉಂಟು. ನೀರು ಹೆಚ್ಚಿದಂತೆ ಅದು ನೀಲಿಯ ಛಾಯೆಗೆ ತಿರುಗುವುದು. ಕಾಗದವು ಮಸಿಯನ್ನು ಒಡನೆಯೇ ಹೀರುವುದರಿಂದ ಎಳೆದ ಗೆರೆಯನ್ನು ಅಳಿಸಿ ತಿದ್ದುವಂತಿಲ್ಲ. ಹತ್ತಿರದ ಮರಗಳಿಗೆ ತೋಹಾಕು ಗಟ್ಟಿ ಮಸಿಯ ಒರಟು ಗೀಟುಗಳನ್ನು ರಭಸದಿಂದ ಎಳೆದನು. ಹಿಂದಿನ ಮರಗಳಿಗೆ ನೀರನ್ನು ಹೆಚ್ಚಿಸುತ್ತ ಹೋದನು. ಸಮೀಪದಿಂದ ನೋಡಿದರೆ ಗೀಚಿನಂತೆ ಕಾಣುವುದು, ಹತ್ತು ಹೆಜ್ಜೆ ಹಿಂದೆ ಸರಿದರೆ ಗಾಳಿಗೆ ತೂಗುವ ಸೂಜಿಯೆಲೆಗಳ ರಾಶಿಯಾಗುವುದು. ಮಂಜನ್ನಂತೂ ಅವನು ಬರೆಯಲೇ ಇಲ್ಲ. ಬರೆಯದೆ ಬಿಟ್ಟ ಕಾಗದವೇ ಮಂಜು. ಹದಿಮೂರನೆಯ ಶತಮಾನದ ಚೀನೀ ಭಿಕ್ಷು ಮುಚಿಯ ಮಸಿಚಿತ್ರಗಳನ್ನು ಕ್ಯೋಟೋವಿನ ಮಠಗಳಲ್ಲಿ ನೋಡಿ ಅವನು ಈ ಮಾರ್ಗವನ್ನು ಅರಿತನು. ಗಾಳಿಯ ಚಲನೆಯನ್ನು ತೋರಬಲ್ಲವನಿಗೆ ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಕೊಡುವ ಉನ್ನತಸ್ಥಾನಕ್ಕೆ ಇವನು ನಿಸ್ಸಂದೇಹವಾಗಿ ಅರ್ಹನು.

ಪುತ್ರಶೋಕವೇ ಈ ಮಂಜಾಯಿತೆಂದು ಹೇಳುವವರು ಅನೇಕರಿದ್ದಾರೆ. ಆದರೆ ಚಿತ್ರದ ಮೇಲೆ ತಿಥಿಯಿಲ್ಲ. ಹದಿನಾರನೆಯ ಶತಮಾನದ ಕಡೆಯ ಭಾಗದ್ದೆಂಬುದಷ್ಟೇ ವಿದ್ವಾಂಸರ ನಿರ್ಣಯ. ಕಾಗದದ ಬೆಸುಗೆಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಮುದ್ರೆಗಳು ಆಮೇಲೆ ಒತ್ತಿದವೆಂಬ ಅಭಿಪ್ರಾಯವುಂಟು. ಆದುದರಿಂದ ಇದು ಬೇರೊಂದು ದೊಡ್ಡ ಕೃತಿಗೆ ಮಾಡಿಕೊಂಡ ಕರಡಾಗಿರಬಹುದೆಂದು ಹಲವರು ಭಾವಿಸುತ್ತಾರೆ. ಚರಿತ್ರೆಯು ಮಗನ ಮರಣವನ್ನೂ ಈ ತೆರೆಗಳನ್ನೂ ಪಕ್ಕಪಕ್ಕದಲ್ಲಿ ಇಡಬಲ್ಲದು. ಒಂದಕ್ಕೊಂದನ್ನು ಕಾರಣವೆಂದು ಹೊಲಿದುಬಿಡುವ ಅಧಿಕಾರ ಅದಕ್ಕಿಲ್ಲ.

ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ಮಂದಿರದಲ್ಲಿ ಚಿನ್ನದ ಮೇಲೆ ಹಸುರಾಗಿ ನಿಂತ ಪೈನ್ ಮರವು ಆಯುಸ್ಸನ್ನು ಹಾರೈಸುವ ಮರ. ಮಸಿಯ ಮರಗಳು ಏನನ್ನೂ ಹಾರೈಸುವುದಿಲ್ಲ. ಅರ್ಧ ಕಂಡು ಅರ್ಧ ಕಾಣದೆ, ಮಂಜು ಕವಿದಾಗಲೂ ಇದ್ದಲ್ಲಿಯೇ ಇರುತ್ತವೆ. ಬಣ್ಣವನ್ನು ಕಳೆದ ಮೇಲೂ ಉಳಿಯುವ ಈ ಸ್ಥೈರ್ಯವನ್ನು ತೋಹಾಕು ನೀರು ಬೆರಸಿದ ಮಸಿಯಿಂದಲೇ ಕಾಣಿಸಿದನು.

1610ರಲ್ಲಿ ತೊಕುಗಾವಾ ಇಯೆಯಾಸುವಿನ ಕರೆಯಂತೆ ಹೊರಟ ವೃದ್ಧನು ಎದೊ ನಗರವನ್ನು ತಲಪಿದ ಸ್ವಲ್ಪದರಲ್ಲಿಯೇ ಕಾಲವಾದನು. ಎದೊ ಈಗಿನ ಟೋಕಿಯೋ. ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಈ ತೆರೆಗಳಿವೆ. 1952ರಲ್ಲಿ ಜಪಾನು ಇವನ್ನು ರಾಷ್ಟ್ರನಿಧಿಯೆಂದು ಘೋಷಿಸಿತು.