ನೈಟ್ ವಿಷನ್ ಉಪಕರಣಗಳಲ್ಲಿ ಪರದೆಯ ಬೆಳಕು ಮತ್ತು ಅದರ ನಿಯಂತ್ರಣ

ನೈಟ್ ವಿಷನ್ ಉಪಕರಣದಲ್ಲಿ ಕಣ್ಣು ನೇರವಾಗಿ ನೋಡುವುದು ಹೊರಗಿನ ಪ್ರಾಣಿಯನ್ನಲ್ಲ, ಉಪಕರಣದೊಳಗಿನ ಪುಟ್ಟ ಪರದೆಯನ್ನು. ಆ ಪರದೆಯ ಬೆಳಕು ಅಗತ್ಯಕ್ಕಿಂತ ಹೆಚ್ಚಾದರೆ ಎರಡು ತೊಂದರೆಗಳು ಒಟ್ಟಿಗೇ ಬರುತ್ತವೆ. ನೋಡುವವರ ಕಣ್ಣು ಕೋರೈಸಿ, ಕತ್ತಲಿಗೆ ಹೊಂದಿಕೊಂಡಿದ್ದ ನೋಟ ಕಳೆದುಹೋಗುತ್ತದೆ. ಮುಖದ ಮೇಲೆ ಚೆಲ್ಲಿದ ಬೆಳಕು ಅವರು ಕುಳಿತ ಜಾಗವನ್ನು ಪ್ರಾಣಿಗೆ ತೋರಿಸಿಕೊಡುತ್ತದೆ. ಈ ಬೆಳಕನ್ನು ಹತೋಟಿಯಲ್ಲಿಡುವ ಕ್ರಮಗಳು ಸರಳವಾದರೂ ಉಪಕರಣದ ಬಗೆ, ನೆಲದ ಗುಣ ಮತ್ತು ರಾತ್ರಿಯ ಹೊತ್ತು ನೋಡಿ ಬದಲಾಗುತ್ತವೆ.

ಹೊರದೇಶಗಳಲ್ಲಿ ಇಂಥ ಉಪಕರಣಗಳನ್ನು ರಾತ್ರಿ ಬೇಟೆಗಾರರೂ ಕೊಳ್ಳುತ್ತಾರೆ. ಭಾರತದಲ್ಲಿ ಆ ಬಳಕೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಕಲಂ ಸಂರಕ್ಷಿತ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಮನುಷ್ಯನ ಜೀವಕ್ಕೆ ಅಪಾಯ ಒಡ್ಡುವುದೇ ಮೊದಲಾದ ಕೆಲವು ಸಂದರ್ಭಗಳಿಗೆ ಮಾತ್ರ 11ನೆಯ ಕಲಮಿನಡಿ ವಿನಾಯಿತಿ ಇದ್ದು, ಮೊದಲನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಅದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ಕೊಪ್ಪಳ ಜಿಲ್ಲೆಯಲ್ಲಿ ರಾತ್ರಿ ಕಾಣಸಿಗುವ ತೋಳ, ಚಿರತೆ, ಕರಡಿ ಮತ್ತು ಚಿಗರಿ ಎಂದು ಕರೆಯುವ ಕೃಷ್ಣಮೃಗ, ಇವೆಲ್ಲ ಆ ಅನುಸೂಚಿಯಲ್ಲೇ ಇವೆ. ಹಾಗಾಗಿ ಇಲ್ಲಿ ಈ ಉಪಕರಣಕ್ಕೆ ಸಲ್ಲುವ ಕೆಲಸ ಕಾಯುವುದು, ಎಣಿಸುವುದು, ಅಧ್ಯಯನ ಮಾಡುವುದು. ಅಂಥ ಕೆಲಸಕ್ಕೆ ಇಲ್ಲಿ ಕೊರತೆಯಿಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರಿನ ತೋಳಧಾಮವಿದೆ. ಆನೆಗೊಂದಿ ಸುತ್ತಲಿನ ಬಂಡೆಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ. ಯಲಬುರ್ಗಾ ಕಡೆಯ ಎರೆ ಹೊಲಗಳಿಗೆ ಚಿಗರಿ ಹಿಂಡುಗಳು ಇಳಿಯುತ್ತವೆ. ಕುಷ್ಟಗಿ ಸೀಮೆಯ ಕುರಿಗಾಹಿಗಳು ರಾತ್ರಿಯಿಡೀ ಹಟ್ಟಿ ಕಾಯುವುದು ತೋಳದ ಭಯಕ್ಕೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾಗಿದೆ.

ಪರದೆಯ ಬೆಳಕು ಏಕೆ ಅಷ್ಟು ಕಾಡುತ್ತದೆ ಎಂಬುದಕ್ಕೆ ಕಾರಣ ಅಕ್ಷಿಪಟಲದಲ್ಲಿದೆ. ಮಂದ ಬೆಳಕಿನಲ್ಲಿ ನೋಟ ಒದಗಿಸುವುದು ದಂಡಕೋಶಗಳು. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಬೆಳಕು ತಾಗಿದೊಡನೆ ಒಡೆಯುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ತಿ ಕೂಡಿಕೊಳ್ಳಲು 30ರಿಂದ 40 ನಿಮಿಷ ಬೇಕು. ಕಳೆದುಕೊಳ್ಳಲು ಕೆಲವು ಸೆಕೆಂಡು ಸಾಕು. ದಂಡಕೋಶಗಳು ಅತಿ ಹೆಚ್ಚು ಸ್ಪಂದಿಸುವುದು 500 ನ್ಯಾನೋಮೀಟರ್ ಆಸುಪಾಸಿನ ನೀಲಿ ಹಸಿರು ಬೆಳಕಿಗೆ. 640 ನ್ಯಾನೋಮೀಟರ್ ದಾಟಿದ ಕೆಂಪು ಬೆಳಕು ಅವುಗಳಿಗೆ ಬಹುಮಟ್ಟಿಗೆ ತಾಗುವುದೇ ಇಲ್ಲ. ಒಂದು ಕಣ್ಣಿನ ಹೊಂದಾಣಿಕೆ ಕೆಟ್ಟರೂ ಇನ್ನೊಂದರ ಅಕ್ಷಿಪಟಲದ ಹೊಂದಾಣಿಕೆ ಉಳಿದಿರುತ್ತದೆ ಎಂಬುದು ಬಳಕೆಯಲ್ಲಿ ಬಹಳ ನೆರವಾಗುವ ಸಂಗತಿ.

ಉಪಕರಣಗಳಲ್ಲಿ ಮೂರು ಬಗೆ. ಇಮೇಜ್ ಇಂಟೆನ್ಸಿಫೈಯರ್ ನಳಿಕೆಯುಳ್ಳವು ನಕ್ಷತ್ರ, ಚಂದ್ರರ ಬೆಳಕನ್ನು ಎಲೆಕ್ಟ್ರಾನ್‌ಗಳಾಗಿಸಿ, ಹಲವು ಸಾವಿರ ಪಟ್ಟು ಹಿಗ್ಗಿಸಿ, ಫಾಸ್ಫರ್ ಲೇಪದ ಪರದೆಗೆ ಅಪ್ಪಳಿಸುತ್ತವೆ; ಹಸಿರು ಇಲ್ಲವೆ ಬಿಳಿ ಬಣ್ಣದ ಚಿತ್ರ ಮೂಡುತ್ತದೆ. ಡಿಜಿಟಲ್ ಉಪಕರಣಗಳು ಕ್ಯಾಮೆರಾ ಸೆನ್ಸರ್ ಹಾಗೂ ಸಣ್ಣ ಎಲ್‌ಸಿಡಿ ಅಥವಾ ಓಎಲ್‌ಇಡಿ ಪರದೆಯಿಂದ ಕೆಲಸ ಮಾಡುತ್ತವೆ. ಜೊತೆಗೆ ಇನ್‌ಫ್ರಾರೆಡ್ ದೀಪ ಬೇಕು. ಥರ್ಮಲ್ ಉಪಕರಣಗಳು ದೇಹದ ಶಾಖವನ್ನು 8ರಿಂದ 14 ಮೈಕ್ರಾನ್ ತರಂಗಾಂತರದಲ್ಲಿ ಗ್ರಹಿಸುತ್ತವೆ. ಪರದೆಯ ತೊಂದರೆ ಹೆಚ್ಚಾಗಿ ಕಾಡುವುದು ಕೊನೆಯ ಎರಡು ಬಗೆಗಳಲ್ಲಿ. ಎಲ್‌ಸಿಡಿಯ ಹಿಂದೆ ಸದಾ ಉರಿಯುವ ದೀಪವಿರುವುದರಿಂದ ಕಪ್ಪು ಚಿತ್ರವಿದ್ದಾಗಲೂ ಮಬ್ಬು ಬೆಳಕು ಸೋರುತ್ತದೆ. ಓಎಲ್‌ಇಡಿಯಲ್ಲಿ ಕಪ್ಪು ಎಂದರೆ ಆ ಬಿಂದು ಪೂರ್ತಿ ಆರಿರುತ್ತದೆ. ಉಪಕರಣ ಕೊಳ್ಳುವವರು ಪರದೆ ಯಾವುದೆಂದು ಕೇಳುವುದು ಇದೇ ಕಾರಣಕ್ಕೆ ಅಗತ್ಯ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಪರದೆಯ ಪ್ರಖರತೆ ಇಳಿಸುವುದು. ಇದನ್ನು ಬಿಟ್ಟು ಬಣ್ಣದ ಫಿಲ್ಮು ಹುಡುಕುವುದು ವ್ಯರ್ಥ. ಪ್ರಖರತೆಯನ್ನು ಹೊಂದಿಸುವುದು ಮನೆಯಲ್ಲೋ ಜೀಪಿನಲ್ಲೋ ದೀಪದ ಬೆಳಕಿನಲ್ಲಲ್ಲ, ಕತ್ತಲಲ್ಲಿ ಕಾಲು ಗಂಟೆಯಾದರೂ ಕುಳಿತ ಮೇಲೆ. ದೀಪದ ಬೆಳಕಿನಲ್ಲಿ ಹದವೆನಿಸಿದ್ದು ಹೊಲದಲ್ಲಿ ಕಣ್ಣಿಗೆ ಚುಚ್ಚುತ್ತದೆ. ಚಿತ್ರ ಕಾಣದಷ್ಟು ಇಳಿಸಿ, ಅಲ್ಲಿಂದ ಒಂದೊಂದೇ ಹಂತ ಏರಿಸುತ್ತ ಪ್ರಾಣಿಯ ಅಂಚು ಸ್ಪಷ್ಟವಾದಲ್ಲಿ ನಿಲ್ಲಿಸಬೇಕು. ಪ್ರಖರತೆ ಮತ್ತು ಗೇನ್, ಅಂದರೆ ಸಿಕ್ಕ ಬೆಳಕಿನ ಸಂಕೇತವನ್ನು ಹಿಗ್ಗಿಸುವ ಮಟ್ಟ, ಬೇರೆ ಬೇರೆ ಎಂಬುದನ್ನೂ ಗಮನಿಸಬೇಕು: ಗೇನ್ ಏರಿಸಿದರೆ ಪರದೆ ಬೆಳಗುವುದರ ಜೊತೆಗೆ ಚುಕ್ಕೆ ಚುಕ್ಕೆ ಗದ್ದಲವೂ ಹೆಚ್ಚುತ್ತದೆ, ವಿವರ ಹೆಚ್ಚುವುದಿಲ್ಲ.

ಎರಡನೆಯದು ಐಕಪ್, ಅಂದರೆ ಕಣ್ಣಿನ ಸುತ್ತ ಒತ್ತಿಕೊಳ್ಳುವ ರಬ್ಬರ್ ಬಟ್ಟಲು. ಒಳಗೆ ಹೊರಗೆ ಎರಡೂ ಕಡೆ ಇದರ ಉಪಕಾರವಿದೆ. ಹೊರಗಿನ ಬೆಳಕು ಐಪೀಸ್ ಗಾಜಿನ ಮೇಲೆ ಬಿದ್ದು ಮಬ್ಬು ಕವಿಯುವುದನ್ನು ತಡೆಯುತ್ತದೆ. ಪರದೆಯ ಬೆಳಕು ಕೆನ್ನೆ, ಮೂಗಿನ ಮೇಲೆ ಚೆಲ್ಲುವುದನ್ನೂ ತಡೆಯುತ್ತದೆ. ಕೆಲವು ಐಕಪ್‌ಗಳಲ್ಲಿ ಒತ್ತಿದಾಗ ಮಾತ್ರ ತೆರೆಯುವ ಪದರಗಳಿದ್ದು, ಕಣ್ಣು ತೆಗೆದ ಕೂಡಲೇ ಬೆಳಕು ಮುಚ್ಚಿಹೋಗುತ್ತದೆ. ಕನ್ನಡಕ ಧರಿಸಿದವರಿಗೆ ಬಟ್ಟಲು ಸರಿಯಾಗಿ ಕೂರುವುದಿಲ್ಲ, ಪರದೆಯ ಬೆಳಕು ಕನ್ನಡಕದ ಗಾಜಿನಿಂದಲೂ ಪ್ರತಿಫಲಿಸುತ್ತದೆ. ಅವರು ಕನ್ನಡಕ ತೆಗೆದು ಡಯಾಪ್ಟರ್ ತಿರುಪಿನಿಂದ ನೋಟ ಹೊಂದಿಸಿಕೊಳ್ಳುವುದು ಮೇಲು.

ಫಿಲ್ಟರಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಬಿಳಿ ಪರದೆಯ ಮುಂದೆ ಕೆಂಪು ಫಿಲ್ಮು ಇಟ್ಟರೆ ದಂಡಕೋಶಗಳಿಗೆ ತಾಗುವ ಬೆಳಕು ಬಹಳ ತಗ್ಗುತ್ತದೆ. ಅದೇ ಫಿಲ್ಮನ್ನು ಹಸಿರು ಫಾಸ್ಫರ್ ಪರದೆಗೆ ಹಾಕಿದರೆ ಚಿತ್ರವೇ ಅಳಿಸಿಹೋಗುತ್ತದೆ. ಹಸಿರು ಬೆಳಕನ್ನು ಕೆಂಪು ಫಿಲ್ಮು ಬಿಡುವುದಿಲ್ಲ. ಅಲ್ಲಿ ತೆಳು ಅಂಬರ್ ಬಣ್ಣದ್ದು ಅಥವಾ ಬಣ್ಣ ಬದಲಿಸದೆ ಬೆಳಕನ್ನಷ್ಟೇ ಕಡಿಮೆ ಮಾಡುವ ಬೂದು ಫಿಲ್ಟರ್ ಸರಿ. ಹಲವು ಡಿಜಿಟಲ್ ಮತ್ತು ಥರ್ಮಲ್ ಉಪಕರಣಗಳ ಮೆನುವಿನಲ್ಲೇ ಕೆಂಪು ಅಥವಾ ಸೆಪಿಯಾ ಬಣ್ಣದ ಆಯ್ಕೆ ಇರುತ್ತದೆ. ಅದಿದ್ದರೆ ಫಿಲ್ಮಿನ ಗೋಜೇ ಬೇಡ.

ಪರದೆ ಬೆಳ್ಳಗಾಗಲು ಕೆಲವೊಮ್ಮೆ ಪರದೆ ಕಾರಣವಲ್ಲ, ಎದುರಿನ ಗಾಳಿ ಕಾರಣ. ಬೇಸಿಗೆಯಲ್ಲಿ ಕೊಪ್ಪಳದ ಬಯಲಿನಲ್ಲಿ ಧೂಳು ಎದ್ದಾಗ, ಮೊದಲ ಮಳೆಯ ನಂತರ ಹುಳುಗಳು ಮುತ್ತಿದಾಗ, ಇನ್‌ಫ್ರಾರೆಡ್ ದೀಪದ ಬೆಳಕು ಅವುಗಳಿಗೆ ತಾಗಿ ಲೆನ್ಸಿಗೇ ಹಿಂದಿರುಗುತ್ತದೆ, ಚಿತ್ರದ ತುಂಬ ಬಿಳಿ ಮಂಜು ಕವಿಯುತ್ತದೆ. ದೀಪವನ್ನು ಲೆನ್ಸಿನಿಂದ ಒಂದು ಗೇಣಾದರೂ ದೂರ ಸರಿಸಿ ಹಿಡಿದರೆ ಇದು ಗಮನಾರ್ಹವಾಗಿ ಇಳಿಯುತ್ತದೆ. ಜೀಪಿನ ಗಾಜಿನೊಳಗಿಂದ ನೋಡುವಾಗಲೂ ಇದೇ ಪಾಡು, ಗಾಜು ಇಳಿಸಲೇಬೇಕು. ಥರ್ಮಲ್ ಉಪಕರಣಕ್ಕಂತೂ ಗಾಜು ಗೋಡೆಯಿದ್ದಂತೆ. ದೇಹದ ಶಾಖದ ಕಿರಣಗಳು ಅದನ್ನು ದಾಟುವುದಿಲ್ಲ. ದೀಪದ ಆಯ್ಕೆಯಲ್ಲಿ 850 ನ್ಯಾನೋಮೀಟರಿನದು ದೂರ ತಲಪುತ್ತದೆ, ಆದರೆ ಎದುರಿನಿಂದ ನೋಡಿದರೆ ಮಂದ ಕೆಂಪು ಚುಕ್ಕೆಯಾಗಿ ಕಾಣುತ್ತದೆ. 940ರದು ಕಣ್ಣಿಗೆ ಬೀಳುವುದಿಲ್ಲ, ಸೆನ್ಸರಿನ ಸ್ಪಂದನೆ ಅಲ್ಲಿ ಕುಗ್ಗುವುದರಿಂದ ದೂರವೂ ಕಡಿಮೆ. ಹಟ್ಟಿಯ ಹತ್ತಿರ ತೋಳ ಬರುವ ದಾರಿ ನೋಡಲು 940 ಸಾಕಾಗುತ್ತದೆ.

ಥರ್ಮಲ್ ಉಪಕರಣ ಬಳಸುವವರಿಗೆ ಈ ಜಿಲ್ಲೆಯ ನೆಲವೇ ಒಂದು ಪಾಠ. ಆನೆಗೊಂದಿಯ ಗ್ರಾನೈಟ್ ಬಂಡೆಗಳು ಹಗಲಿನ ಬಿಸಿಲನ್ನು ಹೀರಿಕೊಂಡು ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ಕಾವು ಬಿಡುತ್ತಿರುತ್ತವೆ. ಬಿಸಿಯನ್ನು ಬಿಳಿಯಾಗಿ ತೋರಿಸುವ ವಿಧಾನದಲ್ಲಿ ಆಗ ಇಡೀ ಗುಡ್ಡ ಬೆಳ್ಳಗೆ ಉರಿಯುತ್ತದೆ, ಬಂಡೆ ಸಂದಿನ ಕರಡಿ ಅದರಲ್ಲೇ ಕರಗಿಹೋಗುತ್ತದೆ, ಕಣ್ಣೂ ಕೋರೈಸುತ್ತದೆ. ಬಿಸಿಯನ್ನು ಕಪ್ಪಾಗಿ ತೋರಿಸುವ ವಿಧಾನಕ್ಕೆ ಬದಲಿಸಿ, ಆಕಾಶ ಚೌಕಟ್ಟಿಗೆ ಬಾರದಂತೆ ಹಿಡಿದರೆ ಪರದೆಯ ಒಟ್ಟು ಬೆಳಕು ಇಳಿಯುತ್ತದೆ. ತಣ್ಣಗಿನ ಆಕಾಶ ಸೇರಿಕೊಂಡರೆ ಈ ವಿಧಾನದಲ್ಲಿ ಅದೇ ಬೆಳ್ಳಗೆ ರಾಚುತ್ತದೆ. ಯಲಬುರ್ಗಾದ ತೆರೆದ ಎರೆ ಬಯಲಿನಲ್ಲಿ ನಡುರಾತ್ರಿ ದಾಟಿದ ಮೇಲೆ ಲೆಕ್ಕ ತಿರುಗುಮುರುಗು. ನೆಲ ತಣಿದು ಪರದೆ ಬಹುಪಾಲು ಕಪ್ಪಾಗಿರುತ್ತದೆ, ಚಿಗರಿಗಳು ಮಾತ್ರ ಬಿಳಿಯಾಗಿ ಎದ್ದು ಕಾಣುತ್ತವೆ. ಅಲ್ಲಿ ಬಿಸಿಯನ್ನು ಬಿಳಿಯಾಗಿ ತೋರಿಸುವುದೇ ಕಣ್ಣಿಗೆ ಹಿತ. ಗುಡ್ಡದಲ್ಲಿ ಗಣತಿಗೆ ಕೂರುವವರು ಬಂಡೆ ತಣಿಯುವ ಕೊನೆಯ ಜಾವವನ್ನು ಆರಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಬಳಕೆಯ ರೂಢಿಯೂ ಉಪಕರಣದಷ್ಟೇ ಮುಖ್ಯ. ಪರದೆ ನೋಡಲು ಯಾವಾಗಲೂ ಒಂದೇ ಕಣ್ಣು ಬಳಸಿ, ನಡೆಯಲು ಮತ್ತು ಸುತ್ತ ನೋಡಲು ಇನ್ನೊಂದನ್ನು ಕಾಯ್ದಿಡಬೇಕು. ಟಿಪ್ಪಣಿ ಬರೆಯಲು ಮಂದ ಕೆಂಪು ಟಾರ್ಚ್ ಸಾಕು. ಮೊಬೈಲ್ ಪರದೆ ಒಮ್ಮೆ ಬೆಳಗಿದರೂ ಅರ್ಧ ಗಂಟೆಯ ಕಾಯುವಿಕೆ ಹಾಳು. ಉಪಕರಣವನ್ನು ಕಣ್ಣಿನಿಂದ ಇಳಿಸುವ ಮೊದಲು ಪರದೆ ಆರಿಸುವುದನ್ನು ಕೈಗೆ ರೂಢಿಸಬೇಕು. ಲೆನ್ಸಿನ ಮೇಲಿನ ಧೂಳು ಮತ್ತು ಬೆರಳಿನ ಜಿಡ್ಡು ಬೆಳಕನ್ನು ಚದುರಿಸುತ್ತವೆ, ಅವನ್ನು ಮೊದಲು ಊದುಬುರುಡೆಯಿಂದ, ನಂತರ ಮೆತ್ತನೆಯ ಬಟ್ಟೆಯಿಂದ ತೆಗೆಯಬೇಕು. ಪಂಚೆ, ಟವೆಲ್ಲಿನಿಂದ ತಿಕ್ಕಿದರೆ ಪ್ರತಿಫಲನ ತಡೆಯುವ ಲೇಪಕ್ಕೆ ಗೀರು ಬೀಳುತ್ತದೆ. ಇಲ್ಲಿನ ಬೇಸಿಗೆಯ ಬಿಸಿಗೆ ಐಕಪ್ಪಿನ ರಬ್ಬರ್ ಬಿರುಸಾಗಿ ಸೀಳುವುದುಂಟು. ಸೋರಿಕೆ ಇದೆಯೇ ಎಂದು ತಿಳಿಯಲು ಒಬ್ಬರು ಕತ್ತಲಲ್ಲಿ ಉಪಕರಣ ಹಿಡಿದು ನೋಡಬೇಕು, ಕಣ್ಣು ಕತ್ತಲಿಗೆ ಹೊಂದಿದ ಇನ್ನೊಬ್ಬರು ಹತ್ತು ಹೆಜ್ಜೆ ದೂರದಿಂದ ಎದುರು ಮತ್ತು ಎರಡೂ ಬದಿಗಳಲ್ಲಿ ನಿಂತು ಮೊದಲಿನವರ ಮುಖವನ್ನು ಪರೀಕ್ಷಿಸಬೇಕು. ಕೆನ್ನೆಯ ಮೇಲೆ ಬೆಳಕಿನ ಗೆರೆ ಕಂಡರೆ ಐಕಪ್ ಬದಲಿಸಬೇಕು, ಇಲ್ಲವೆ ಪ್ರಖರತೆಯನ್ನು ಇನ್ನೂ ಒಂದು ಹಂತ ಇಳಿಸಬೇಕು.