ಗುಲಾಮನು ಠಕ್ಕನಾದ ಬಗೆ

ಇಸ್ಪೀಟು ಬಲ್ಲವರಿಗೆಲ್ಲ ಗುಲಾಮನ ಪರಿಚಯವುಂಟು. ರಾಜ ರಾಣಿಯರ ಕೆಳಗಿನ ಈ ಎಲೆಗೆ ಇಂಗ್ಲಿಷಿನ ಹಳೆಯ ಹೆಸರು ‘ನೇವ್’. ನಿಘಂಟನ್ನು ತೆರೆದರೆ ಆ ಪದಕ್ಕೆ ಠಕ್ಕ, ವಂಚಕ ಎಂಬ ಅರ್ಥಗಳು ಕಾಣುತ್ತವೆ. ಆದರೆ ಎಲೆಯ ಮೇಲೆ ನಿಂತಿರುವವನು ಠಕ್ಕನಲ್ಲ, ಬರಿಯ ಸೇವಕ. ಅವನಿಗೆ ಈ ಅಪಕೀರ್ತಿ ಹೇಗೆ ಬಂದಿತು?

ಪ್ರಾಚೀನ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ಹುಡುಗ’ ಎಂದಷ್ಟೇ ಅರ್ಥ. ಅದರ ಜ್ಞಾತಿಪದವಾದ ಜರ್ಮನ್ ಭಾಷೆಯ ‘ಕ್ನಾಬೆ’ ಇಂದಿಗೂ ಹುಡುಗನೇ. ಇಂಗ್ಲೆಂಡಿನಲ್ಲಿ ಹುಡುಗ ಆಳಾದ, ಆಳು ಠಕ್ಕನಾದ. ಅರಬ್ಬಿಯ ‘ಗುಲಾಮ’ನೂ ಮೊದಲು ಹುಡುಗ, ಅನಂತರ ಆಳು, ಪುಣ್ಯಕ್ಕೆ ಅವನು ಅಲ್ಲಿಗೇ ನಿಂತ. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಬ್ರೂಟಸನು ನಿದ್ದೆಹೋದ ತನ್ನ ಪರಿಚಾರಕ ಬಾಲಕನನ್ನು ‘ನೇವ್’ ಎಂದೇ ಅಕ್ಕರೆಯಿಂದ ಕರೆಯುತ್ತಾನೆ. ‘ಕಿಂಗ್ ಲಿಯರ್’ ನಾಟಕದಲ್ಲಿ ಅದೇ ಪದ ಬೈಗುಳ.

ನಮ್ಮ ಚಲನಚಿತ್ರಗಳ ‘ವಿಲನ್’ನ ಕಥೆಯೂ ಇಂಥದೇ. ಲ್ಯಾಟಿನ್ನಿನಲ್ಲಿ ‘ವಿಲ್ಲ’ ಎಂದರೆ ಜಮೀನುದಾರನ ಹಳ್ಳಿಯ ಮನೆ, ಹೊಲ. ಅಲ್ಲಿ ದುಡಿಯುವ ಒಕ್ಕಲಿನವನೇ ವಿಲನ್ ಪದದ ಮೂಲಪುರುಷ. 1086ರಲ್ಲಿ ಇಂಗ್ಲೆಂಡಿನ ಭೂಮಿಯ ಲೆಕ್ಕ ಬರೆಸಿದ ಡೂಮ್ಸ್‌ಡೇ ಗ್ರಂಥದಲ್ಲಿ ಎಣಿಕೆಗೆ ಬಂದ ಜನರಲ್ಲಿ ಇವರದೇ ದೊಡ್ಡ ವರ್ಗ. ನಾಡಿಗೆ ಅನ್ನವಿಟ್ಟವನ ಹೆಸರು ಖಳನ ಹೆಸರಾಯಿತು. ಇತ್ತ ಸತ್ಕುಲದಲ್ಲಿ ಹುಟ್ಟಿದವನೆಂಬ ಅರ್ಥದ ‘ಜಂಟ್ಲ್’ ಎಂಬ ಪದ ಸೌಮ್ಯ ನಡತೆಗೆ ಸಂದಿತು. ಭಾಷಾಶಾಸ್ತ್ರದಲ್ಲಿ ಇವನ್ನು ಹೀನಾರ್ಥಪ್ರಾಪ್ತಿ, ಉತ್ತಮಾರ್ಥಪ್ರಾಪ್ತಿ ಎನ್ನುತ್ತೇವೆ. ಯಾರ ಪಾಲಿಗೆ ಯಾವುದು ಬಂದಿತೆಂಬುದನ್ನು ಮಾತ್ರ ಕೇಳುವುದಿಲ್ಲ.

ಇನ್ನು ‘ರೋಗ್’. ನಮ್ಮ ರೋಗಕ್ಕೂ ಇದಕ್ಕೂ ನಂಟಿಲ್ಲ. ಹದಿನಾರನೆಯ ಶತಮಾನದಲ್ಲಿ ಅಲೆದಾಡುವ ಭಿಕ್ಷುಕನಿಗೆ ಈ ಹೆಸರಿತ್ತು. ಕುರಿಸಾಕಣೆಗಾಗಿ ಭೂಮಾಲೀಕರು ಹೊಲಗಳಿಗೆ ಬೇಲಿ ಹಾಕಿದ್ದರು. ಬಡವರಿಗೆ ಅನ್ನ ನೀಡುತ್ತಿದ್ದ ಕ್ರೈಸ್ತ ಮಠಗಳನ್ನು 1536ರಿಂದ 1540ರೊಳಗೆ ಮುಚ್ಚಲಾಗಿತ್ತು. ನೆಲೆ ತಪ್ಪಿದವರು ದಾರಿಗೆ ಬಿದ್ದರು. 1572ರ ಕಾಯಿದೆ ಅಂಥವರನ್ನು ‘ರೋಗ್’ ಎಂದು ಕರೆಯಿತು. ಹದಿನಾಲ್ಕು ವರ್ಷ ಮೀರಿದವನಿಗೆ ಚಾಟಿಯೇಟು. ಮೇಲೆ, ಕಾದ ಕಬ್ಬಿಣದಿಂದ ಬಲಗಿವಿಯನ್ನು ಸುಟ್ಟು ತೂತು ಮಾಡುವ ಶಿಕ್ಷೆ. ಯಾರಾದರೂ ಒಂದು ವರ್ಷ ಕೆಲಸಕ್ಕಿಟ್ಟುಕೊಳ್ಳಲು ಒಪ್ಪಿದರೆ ಪಾರು. ಮೊದಲು ಹೆಸರು, ಅನಂತರ ಬರೆ.

ಈ ದೃಷ್ಟಿ ಸಮುದ್ರ ದಾಟಿಯೂ ಬಂದಿತು. 1871ರಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯದಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯನ್ನು ತಂದಿತು. ಅನೇಕ ಅಲೆಮಾರಿ ಸಮುದಾಯಗಳಲ್ಲಿ ಹುಟ್ಟುವುದೇ ಅಪರಾಧವಾಯಿತು. 1952ರಲ್ಲಿ ಕಾಯಿದೆ ರದ್ದಾಯಿತು. ಅಂಟಿಸಿದ ಹೆಸರು ಅಷ್ಟು ಬೇಗ ಅಳಿಯಲಿಲ್ಲ.

ಠಕ್ಕರು ಎಲ್ಲ ಅಂತಸ್ತುಗಳಲ್ಲಿಯೂ ಇದ್ದರು, ಇದ್ದಾರೆ. ಆದರೆ ಠಕ್ಕುತನಕ್ಕೆ ಹೆಸರು ಹುಡುಕುವಾಗ ಮೇಲಿನವರ ಕಣ್ಣು ಬಿದ್ದದ್ದು ತಮ್ಮ ಆಳಿನ ಮೇಲೆ, ಒಕ್ಕಲಿನ ಮೇಲೆ, ಬಾಗಿಲಿಗೆ ಬಂದ ಭಿಕ್ಷುಕನ ಮೇಲೆ. ಇನ್ನೊಮ್ಮೆ ಇಸ್ಪೀಟಿನ ಗುಲಾಮ ಕೈಗೆ ಬಂದಾಗ ಅವನ ಮುಖವನ್ನು ಒಂದು ಕ್ಷಣ ನೋಡಿ. ಅವನು ಯಾರಿಗೂ ಮೋಸ ಮಾಡಿದವನಲ್ಲ.